ಮೂವರು ಮಂಜುನಾಥ ನಾಯ್ಕರು, ಒಂದು ನೋಟ್‌ಬುಕ್: ಸಣ್ಣ ಆಸ್ಪತ್ರೆಯಲ್ಲಿ ರೋಗಿಯ ಸುರಕ್ಷತೆ ರೂಢಿಯಾಗುವುದು ಹೇಗೆ

ಘಟ್ಟದ ಕೆಳಗಿನ ಒಂದು ಆಸ್ಪತ್ರೆ. ಮೂವತ್ತು ಹಾಸಿಗೆ. ಹೊರಗೆ ಆಷಾಢದ ಮಳೆ. ಆ ದಿನ ಗಂಡಸರ ವಾರ್ಡಿನಲ್ಲಿ ಮೂವರು ಮಂಜುನಾಥ ನಾಯ್ಕರಿದ್ದರು. ಒಬ್ಬರಿಗೆ ಜ್ವರ. ಒಬ್ಬರಿಗೆ ಸಕ್ಕರೆ ಕಾಯಿಲೆ, ಕಾಲಲ್ಲಿ ಹುಣ್ಣು. ಇನ್ನೊಬ್ಬರು ಹರ್ನಿಯಾ ಆಪರೇಷನ್ನಿಗೆ ಬಂದವರು. ನಾನು ಜ್ವರದವರ ಇಂಜೆಕ್ಷನ್ ಟ್ರೇ ಹಿಡಿದು ಹರ್ನಿಯಾದವರ ಹಾಸಿಗೆ ಪಕ್ಕ ನಿಂತಿದ್ದೆ. "ಮಂಜುನಾಥ ನಾಯ್ಕರಲ್ವಾ?" ಅಂದೆ. "ಹ್ಞೂಂ" ಅಂದರು. ಸೂಜಿ ಇನ್ನೇನು ಚುಚ್ಚಬೇಕು, ಅಷ್ಟರಲ್ಲಿ ನೆಲ ಒರೆಸುತ್ತಿದ್ದ ಆಯಾ ತಲೆ ಎತ್ತಿ ನೋಡಿದಳು. "ಅಕ್ಕಾ, ಜ್ವರದವ್ರು ಕಿಟಕಿ ಬದಿಗಿದ್ದಾರೆ. ಇವ್ರು ಬೆಳಿಗ್ಗೆ ಬಂದವ್ರು."

ಟ್ರೇ ಎತ್ತಿಕೊಂಡು ಕಿಟಕಿ ಬದಿಗೆ ಹೋದೆ. ಯಾರಿಗೂ ಹೇಳಲಿಲ್ಲ. ಆಯಾಳಿಗೂ "ಸುಮ್ನಿರು ಮಾರಾಯ್ತಿ" ಅಂದೆ. ಹೆಡ್ ಸಿಸ್ಟರ್ ಎಲ್ಲರೆದುರು ಬೈಯುತ್ತಾರೆ, ಸಂಬಳದಲ್ಲಿ ಹಿಡಿಯುತ್ತಾರೆ ಅನ್ನುವ ಹೆದರಿಕೆ.

ಮೂರು ವಾರ ಕಳೆಯಿತು. ಹರ್ನಿಯಾದವರು ಮನೆಗೆ ಹೋಗಿದ್ದರು. ಆ ಹಾಸಿಗೆಗೆ ಬಂದವರ ಹೆಸರೂ ಮಂಜುನಾಥ ನಾಯ್ಕ! ರಾತ್ರಿ ಪಾಳಿಯ ಹುಡುಗಿ ಕಾಲುಹುಣ್ಣಿನವರ ಇನ್ಸುಲಿನ್ನನ್ನು ಅವರಿಗೆ ಹಾಕಿಬಿಟ್ಟಳು. ಅವರು ಬೆವತರು, ನಡುಗಿದರು, ಮಾತು ತೊದಲಿತು. ಗ್ಲೂಕೋಸ್ ಏರಿಸಿ ಉಳಿಸಿಕೊಂಡೆವು. ಹುಡುಗಿಯನ್ನು ಮರುದಿನವೇ ಕೆಲಸದಿಂದ ತೆಗೆದರು. ಅವಳು ಹೋದಳು. ಹೆಸರು ಕೂಗಿ ಔಷಧಿ ಕೊಡುವ ಪದ್ಧತಿ ಹಾಗೇ ಉಳಿಯಿತು.

ಈ ಲೇಖನ ಅಂಥ ಆಸ್ಪತ್ರೆಗಳಿಗೆ. ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಕುಮಟಾ, ಹೊನ್ನಾವರ, ಅಂಕೋಲಾ, ಭಟ್ಕಳದ ಇಪ್ಪತ್ತು-ಐವತ್ತು ಹಾಸಿಗೆಯ ಆಸ್ಪತ್ರೆಗಳಿಗೆ. ಪ್ರತಿ ಸಪ್ಟೆಂಬರ್ 17ರಂದು ವಿಶ್ವ ರೋಗಿ ಸುರಕ್ಷತಾ ದಿನ ಅಂತ ಬ್ಯಾನರ್ ಕಟ್ಟುತ್ತೇವೆ. 2019ರಿಂದ ಈ ದಿನಾಚರಣೆ ಇದೆ. ಸಂಜೆ ಬ್ಯಾನರ್ ಇಳಿಸುತ್ತೇವೆ, ಅಲ್ಲಿಗೆ ಮುಗಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಆಸ್ಪತ್ರೆಗೆ ಬರುವ ಸುಮಾರು ಹತ್ತು ರೋಗಿಗಳಲ್ಲಿ ಒಬ್ಬರಿಗೆ ಚಿಕಿತ್ಸೆಯ ನಡುವೆಯೇ ಏನಾದರೊಂದು ತೊಂದರೆ ಆಗುತ್ತದೆ. ಅದರಲ್ಲಿ ಅರ್ಧದಷ್ಟು ತಪ್ಪಿಸಬಹುದಾದದ್ದು. ಮೂವತ್ತು ಹಾಸಿಗೆ ತುಂಬಿದ ದಿನ ಇದನ್ನು ನಿಮ್ಮ ವಾರ್ಡಿಗೆ ಹಾಕಿ ನೋಡಿ.

ಹೆಜ್ಜೆ 1: ಮೊದಲು ದೊಡ್ಡ ಡಾಕ್ಟ್ರು ಬಾಯಿ ಬಿಡಲಿ

ಎಲ್ಲರೂ ಮೊದಲು ಫಾರಂ ಮಾಡಿಸುತ್ತಾರೆ. ಫಾರಂ ಆಮೇಲೆ. ಮೊದಲು ಆಸ್ಪತ್ರೆಯ ಯಜಮಾನ ಡಾಕ್ಟರು, ಅಥವಾ ಅಲ್ಲಿನ ಅತಿ ಹಿರಿಯರು, ಸಿಬ್ಬಂದಿಯನ್ನೆಲ್ಲ ಕೂರಿಸಿ ತಮ್ಮದೇ ಒಂದು ತಪ್ಪನ್ನು ಹೇಳಬೇಕು. ಆಯಾ, ವಾರ್ಡ್ ಬಾಯ್, ಮೆಡಿಕಲ್ ಅಂಗಡಿಯ ಹುಡುಗ, ಆಂಬುಲೆನ್ಸ್ ಡ್ರೈವರ್, ಎಲ್ಲರೂ ಇರಲಿ. "ಹೋದ ವರ್ಷ ನಾನು ಎಡಗಾಲಿನ ಎಕ್ಸ್‌ರೇ ಅಂತ ಬರೆಯಬೇಕಿತ್ತು, ಬಲಗಾಲು ಅಂತ ಬರೆದೆ" ಅನ್ನುವಷ್ಟು ಸಣ್ಣದಾದರೂ ಸಾಕು. ನಿಜದ್ದಾಗಿರಬೇಕು, ಅಷ್ಟೇ. ಅದನ್ನು ಕೇಳಿದ ಮೇಲೆ ಹತ್ತೊಂಬತ್ತು ವರ್ಷದ ಹೊಸ ನರ್ಸ್ ಕೂಡ ಬಾಯಿ ಬಿಡುತ್ತಾಳೆ. ಇದು ನಾನು ಕಣ್ಣಾರೆ ಕಂಡದ್ದು.

ಅದೇ ಸಭೆಯಲ್ಲಿ ಇನ್ನೊಂದು ಮಾತು ಗಟ್ಟಿಯಾಗಬೇಕು. ತಪ್ಪಾದಾಗ ಮೊದಲ ಪ್ರಶ್ನೆ "ಯಾರು?" ಅಲ್ಲ, "ಹೇಗೆ?"

"ಹಾಗಾದರೆ ಯಾರಿಗೂ ಶಿಕ್ಷೆಯೇ ಇಲ್ವಾ?" ಅಂತ ಮ್ಯಾನೇಜರ್ ಕೇಳೇ ಕೇಳುತ್ತಾರೆ. ಇದೆ. ಆದರೆ ಮೂರು ಬಗೆಯನ್ನು ಬೇರೆ ಮಾಡಿಕೊಳ್ಳಬೇಕು. ಒಂದು ಮರೆವು: ಹದಿನಾರು ಗಂಟೆ ಡ್ಯೂಟಿ ಮಾಡಿದವಳು ಎರಡು ಸಿರಿಂಜ್ ಅದಲು ಬದಲು ಮಾಡಿದಳು. ಅವಳಿಗೆ ಸಮಾಧಾನ ಬೇಕು, ಡ್ಯೂಟಿ ಪಟ್ಟಿಗೆ ತಿದ್ದುಪಡಿ ಬೇಕು. ಎರಡನೆಯದು ಅಡ್ಡದಾರಿ: ಎಲ್ಲರೂ ಕೈ ತೊಳೆಯದೆ ಡ್ರೆಸಿಂಗ್ ಮಾಡುತ್ತಾರೆ, ಇವಳೂ ಮಾಡಿದಳು. ಹತ್ತಿರ ಕರೆದು ಮಾತಾಡಿ, ಜೊತೆಗೆ ನೀರಿನ ನಲ್ಲಿ ಎಷ್ಟು ದೂರದಲ್ಲಿದೆ ಅಂತಲೂ ನೋಡಿ. ಮೂರನೆಯದು ಉಡಾಫೆ: ಕುಡಿದು ಡ್ಯೂಟಿಗೆ ಬರುವುದು, ನೋಡದೆಯೇ ಬಿಪಿ ಬರೆಯುವುದು. ಇದಕ್ಕೆ ಶಿಕ್ಷೆ. ನನ್ನ ಅನುಭವದಲ್ಲಿ ಮೂರನೆಯದು ತೀರಾ ಅಪರೂಪ. ನಾವು ಮೊದಲನೆಯದಕ್ಕೂ ಮೂರನೆಯದರ ಶಿಕ್ಷೆ ಕೊಡುತ್ತೇವೆ. ಹಾಗಾಗಿ ಎಲ್ಲರೂ ಮುಚ್ಚಿಡುವುದನ್ನು ಕಲಿಯುತ್ತಾರೆ.

ತದಡಿ ಬಂದರಿನಲ್ಲಿ ನೋಡಿ. ಕಲ್ಲಿಗೆ ಸಿಕ್ಕಿ ಬಲೆ ಹರಿದರೆ ಆ ಜಾಗವನ್ನು ದಡಕ್ಕೆ ಬಂದವರು ಉಳಿದವರಿಗೂ ಹೇಳುತ್ತಾರೆ. ನಾಳೆ ಇನ್ನೊಬ್ಬನ ಬಲೆ ಅಲ್ಲೇ ಹರಿಯಬಾರದಲ್ಲ. ಆಸ್ಪತ್ರೆಯಲ್ಲಿ ನಾವು ಹರಿದ ಬಲೆಯನ್ನು ಮಡಚಿ ಒಳಗಿಡುತ್ತೇವೆ.

ಹೆಜ್ಜೆ 2: ಇನ್ನೂರು ಪುಟದ ಒಂದು ನೋಟ್‌ಬುಕ್

ಸಾಫ್ಟ್‌ವೇರ್ ಬೇಡ. ಒಂದು ನೋಟ್‌ಬುಕ್ ತಂದು ನರ್ಸಿಂಗ್ ಸ್ಟೇಷನ್ನಿನಲ್ಲಿ ಇಡಿ. ಹೊರಗಡೆ "ಸ್ವಲ್ಪದರಲ್ಲಿ ತಪ್ಪಿದ್ದು" ಅಂತ ಬರೆಯಿರಿ. ಆಗಿಹೋದ ತಪ್ಪುಗಳೂ ಅದರಲ್ಲೇ ಬರಲಿ. ಆದರೆ ಹೆಸರು ಹೀಗಿದ್ದರೆ ಬರೆಯುವವರಿಗೆ ಹೆದರಿಕೆ ಕಡಿಮೆ. ಪ್ರತಿ ಬರಹದಲ್ಲಿ ನಾಲ್ಕೇ ಸಂಗತಿ: ಏನಾಯಿತು, ಯಾವಾಗ ಎಲ್ಲಿ, ಏನಾಗಬಹುದಿತ್ತು, ಮತ್ತೆ ಆಗದಿರಲು ಏನು ಮಾಡಬಹುದು. ಸಿಬ್ಬಂದಿಯ ಹೆಸರು ಬೇಡ, ರೋಗಿಯ ಹೆಸರೂ ಬೇಡ. ಕನ್ನಡದಲ್ಲಿ, ತೋಚಿದ ಹಾಗೆ ಬರೆಯಲಿ. ಬರೆಯಲು ಬಾರದ ಆಯಾ ಬಂದು ಹೇಳಲಿ, ಹೊಣೆ ಹೊತ್ತ ಸಿಸ್ಟರ್ ಬರೆದುಕೊಳ್ಳಲಿ. ಆಸ್ಪತ್ರೆಯ ವಾಟ್ಸಾಪ್ ಗುಂಪಿಗೆ ಮಾತ್ರ ಇದನ್ನು ಹಾಕಬೇಡಿ. ಅಲ್ಲಿಗೆ ಹೋದ ಮಾತು ಸಂಜೆಯೊಳಗೆ ಮೀನು ಮಾರ್ಕೆಟ್ಟಿನಲ್ಲಿ ಇರುತ್ತದೆ.

ನಮ್ಮ ನೋಟ್‌ಬುಕ್ಕಿನಲ್ಲಿ ಮೊದಲ ತಿಂಗಳು ಬಂದಿದ್ದ ಕೆಲವು: "ಹೆರಿಗೆ ವಾರ್ಡಿನ ಟಾಯ್ಲೆಟ್ ಬಲ್ಬ್ ಹೋಗಿ ನಾಲ್ಕು ದಿನ. ನಿನ್ನೆ ಬಾಣಂತಿ ಜಾರಿದಳು, ಗೋಡೆ ಹಿಡಿದಳು." "ಎರಡು ಇಂಜೆಕ್ಷನ್ ಬಾಟಲಿ ಒಂದೇ ಬಣ್ಣ, ಪಕ್ಕಪಕ್ಕ ಇಟ್ಟಿದ್ದಾರೆ." "ಆಕ್ಸಿಜನ್ ಸಿಲಿಂಡರಿನ ಕೀಲಿ ಸಿಗದೆ ಐದು ನಿಮಿಷ ಹುಡುಕಿದೆವು." ಇವು ಯಾವುದಕ್ಕೂ ದೊಡ್ಡ ದುಡ್ಡು ಬೇಡ. ಬಲ್ಬ್, ಇನ್ನೊಂದು ಕಪಾಟು, ಕೀಲಿ ನೇತುಹಾಕಲು ಒಂದು ದಾರ.

ನೋಟ್‌ಬುಕ್ ಸಾಯುವುದು ಒಂದೇ ಕಾರಣಕ್ಕೆ. ಬರೆದರು, ಏನೂ ಆಗಲಿಲ್ಲ. ಆದ್ದರಿಂದ ವಾರಕ್ಕೊಮ್ಮೆ ಓದಿ, ಪ್ರತಿ ಬರಹದ ಕೆಳಗೆ ಏನು ಮಾಡಿದಿರಿ ಅಂತ ಕೆಂಪು ಶಾಯಿಯಲ್ಲಿ ಬರೆಯಿರಿ. ಆಗದಿದ್ದರೆ ಯಾಕೆ ಆಗಿಲ್ಲ ಅಂತ ಬರೆಯಿರಿ. ಬಲ್ಬ್ ಬದಲಾದ ದಿನ ಜನ ನಂಬುತ್ತಾರೆ. ಇನ್ನೊಂದು ಮಾತು: ಈ ತಿಂಗಳು ಹತ್ತು ಬರಹ, ಮುಂದಿನ ತಿಂಗಳು ಇಪ್ಪತ್ತು ಬಂದರೆ ಆಸ್ಪತ್ರೆ ಹಾಳಾಯಿತು ಅಂತ ಗಾಬರಿಯಾಗಬೇಡಿ. ತಪ್ಪು ಜಾಸ್ತಿ ಆದದ್ದಲ್ಲ, ಹೇಳುವುದು ಜಾಸ್ತಿ ಆದದ್ದು.

ಹೆಜ್ಜೆ 3: ಹೆಸರು

ಧರ್ಮಸ್ಥಳದ ಮಂಜುನಾಥ, ಇಡಗುಂಜಿಯ ಗಣಪತಿ ಇಬ್ಬರೂ ಸೇರಿ ನಮ್ಮ ಅರ್ಧ ಜಿಲ್ಲೆಗೆ ಹೆಸರಿಟ್ಟಿದ್ದಾರೆ. ಘಟ್ಟದ ಮೇಲೆ ಗಣಪತಿ ಹೆಗಡೆ, ಗಣಪತಿ ಭಟ್ಟ. ಕೆಳಗೆ ಮಂಜುನಾಥ ನಾಯ್ಕ, ಮಂಜುನಾಥ ಗೌಡ. ಭಟ್ಕಳದಲ್ಲಿ ವಾರ್ಡಿಗೆ ನಾಲ್ಕು ಮೊಹಮ್ಮದ್. ಹಾಗಾಗಿ ನಮ್ಮ ಕಡೆ ಹೆಸರೊಂದೇ ಗುರುತಲ್ಲ. ಹಾಸಿಗೆ ನಂಬರಂತೂ ಗುರುತೇ ಅಲ್ಲ, ಯಾಕೆಂದರೆ ಮಳೆ ನೀರು ಸೋರಿದ ಕೂಡಲೇ ಹಾಸಿಗೆ ಬದಲಾಗುತ್ತದೆ.

ಕೈಗೆ ಪಟ್ಟಿ ಕಟ್ಟಿ. ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಐಪಿ ನಂಬರ್ (ಭರ್ತಿಯಾದಾಗ ಕೊಡುವ ನಂಬರ್). ಔಷಧಿ, ರಕ್ತ, ಆಪರೇಷನ್, ರಕ್ತ ಪರೀಕ್ಷೆಯ ಸ್ಯಾಂಪಲ್, ಈ ನಾಲ್ಕಕ್ಕೂ ಮುಂಚೆ ಕನಿಷ್ಠ ಎರಡು ಗುರುತು ತಾಳೆ ನೋಡಲೇಬೇಕು. ಕೇಳುವ ರೀತಿಯೂ ಮುಖ್ಯ. "ಮಂಜುನಾಥರಲ್ವಾ?" ಅಂದರೆ ಕಿವಿ ಮಂದವಿರುವ ಅಜ್ಜ, ನೋವಿನಲ್ಲಿರುವವರು, ಕನ್ನಡ ಅಷ್ಟಾಗಿ ಬಾರದ ಕೊಂಕಣಿ ಅಜ್ಜಿ, ಎಲ್ಲರೂ "ಹ್ಞೂಂ" ಅನ್ನುತ್ತಾರೆ. "ನಿಮ್ಮ ಹೆಸರು ಹೇಳಿ. ಅಪ್ಪನ ಹೆಸರು?" ಅಂತ ಕೇಳಿ. ಅವರ ಬಾಯಿಂದಲೇ ಬರಬೇಕು. ಪ್ರಜ್ಞೆ ಇಲ್ಲದವರಿಗೆ ಪಟ್ಟಿಯೇ ಆಧಾರ.

ಒಂದೇ ಹೆಸರಿನ ಇಬ್ಬರು ಬಂದ ಕೂಡಲೇ ಇಬ್ಬರ ಕೇಸ್ ಶೀಟಿನ ಮೇಲೂ ಕೆಂಪು ಸ್ಟಿಕ್ಕರ್ ಹಾಕಿ, ಸಾಧ್ಯವಾದರೆ ಬೇರೆ ಕೋಣೆಗೆ ಹಾಕಿ. ರಕ್ತ ಏರಿಸುವಾಗ ಇಬ್ಬರು ಹಾಸಿಗೆ ಪಕ್ಕ ನಿಂತು ಚೀಲ, ಪಟ್ಟಿ, ಕಾಗದ ಮೂರನ್ನೂ ಗಟ್ಟಿಯಾಗಿ ಓದಿ. ಮೊದಲ ಹದಿನೈದು ನಿಮಿಷ ಅಲ್ಲೇ ಇರಿ. ಆ ಹೊತ್ತಿಗೆ ಫೋನ್ ಬಂದರೂ ಹೋಗಬೇಡಿ.

ಹೆಜ್ಜೆ 4: ಔಷಧಿ ಕಪಾಟನ್ನು ಖಾಲಿ ಮಾಡಿ ಮತ್ತೆ ಜೋಡಿಸಿ

ಇದಕ್ಕೆ ಒಂದು ಇಡೀ ಮಧ್ಯಾಹ್ನ ಕೊಡಿ. ವಾರ್ಡಿನ ಟ್ರಾಲಿ, ಕಪಾಟು ಎಲ್ಲ ಖಾಲಿ ಮಾಡಿ ಮೇಜಿನ ಮೇಲೆ ಸುರಿಯಿರಿ. ಅವಧಿ ಮುಗಿದದ್ದು ಎಷ್ಟು ಸಿಗುತ್ತದೆ ನೋಡಿ. ಆಮೇಲೆ ಒಂದೊಂದೇ ವಾಪಸ್ ಇಡಿ.

ಮೊದಲು ಪೊಟ್ಯಾಶಿಯಂ ಕ್ಲೋರೈಡ್. ನಾವು ಕೆಸಿಎಲ್ ಅನ್ನುತ್ತೇವೆ. 10 ಎಂಎಲ್‌ನ ಈ ಆಂಪ್ಯೂಲ್ ನೋಡಲು ಇಂಜೆಕ್ಷನ್ ನೀರಿನ ಆಂಪ್ಯೂಲಿನ ಹಾಗೇ ಇರುತ್ತದೆ. ಸಲೈನಿಗೆ ಬೆರೆಸಿ ನಿಧಾನ ಕೊಡಬೇಕಾದದ್ದು. ಬೆರೆಸದೆ ನೇರ ನರಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ಇದು ಸಾಮಾನ್ಯ ವಾರ್ಡಿನ ಟ್ರಾಲಿಯಲ್ಲಿ ಇರಲೇಬಾರದು. ಬೀಗ ಹಾಕಿದ ಬೇರೆ ಪೆಟ್ಟಿಗೆಯಲ್ಲಿಟ್ಟು, ಕೆಂಪು ಚೀಟಿ ಅಂಟಿಸಿ. ಇಬ್ಬರು ನೋಡಿ ಸಹಿ ಹಾಕಿ ತೆಗೆಯಬೇಕು. ಇದೊಂದನ್ನೇ ಇವತ್ತು ಮಾಡಿದರೂ ಈ ಲೇಖನ ಓದಿದ್ದಕ್ಕೆ ಸಾರ್ಥಕ ಅನ್ನುತ್ತೇನೆ.

ಇನ್ಸುಲಿನ್. ನಮ್ಮಲ್ಲಿ 1 ಎಂಎಲ್‌ಗೆ 40 ಯೂನಿಟ್ ಇರುವ ವಯಲ್ ಇದೆ, 100 ಯೂನಿಟ್ ಇರುವುದೂ ಇದೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. 100ರ ವಯಲಿನಿಂದ ಕೆಂಪು ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 20 ಅಲ್ಲ, 50 ಯೂನಿಟ್. ವಾರ್ಡಿನಲ್ಲಿ ಒಂದೇ ಜಾತಿ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ರೋಗಿ ಮನೆಯಿಂದ ತಂದ ವಯಲ್ ಬಳಸುವುದಾದರೆ ಸಿರಿಂಜ್ ಜೊತೆ ಇಟ್ಟು ಇಬ್ಬರು ನೋಡಿ.

ಮಕ್ಕಳ ಪ್ಯಾರಸಿಟಮಾಲ್. ಡ್ರಾಪ್ಸ್‌ನಲ್ಲಿ 1 ಎಂಎಲ್‌ಗೆ 100 ಎಂಜಿ. ಸಿರಪ್‌ನಲ್ಲಿ 5 ಎಂಎಲ್‌ಗೆ 125 ಎಂಜಿ, ಇನ್ನೊಂದರಲ್ಲಿ 250. "5 ಎಂಎಲ್ ಕೊಡಿ" ಅಂತ ಬರೆದು ಅಂಗಡಿಯವನು ಡ್ರಾಪ್ಸ್ ಕೊಟ್ಟರೆ ಮಗುವಿಗೆ 500 ಎಂಜಿ ಹೋಯಿತು. ಆದ್ದರಿಂದ ಮಗುವಿನ ತೂಕ ಕೇಸ್ ಶೀಟಿನ ತಲೆಗೇ ಇರಲಿ, ಔಷಧಿಯನ್ನು ಎಂಜಿ ಮತ್ತು ಎಂಎಲ್ ಎರಡರಲ್ಲೂ ಬರೆಯಿರಿ. ತಾಯಿಗೆ ಸಿರಿಂಜಿನ ಮೇಲೆ ಪೆನ್ನಿನಿಂದ ಗೆರೆ ಎಳೆದು ಕೊಡಿ. ಚಮಚ ಅನ್ನಬೇಡಿ, ಒಬ್ಬೊಬ್ಬರ ಮನೆಯ ಚಮಚ ಒಂದೊಂದು ಅಳತೆ.

ಬರೆಯುವ ಡಾಕ್ಟರುಗಳಿಗೂ ಒಂದೆರಡು ಮಾತು. ಬೇಜಾರು ಮಾಡಿಕೊಳ್ಳಬೇಡಿ. 5.0 ಅಂತ ಬರೆಯಬೇಡಿ, ಚುಕ್ಕಿ ಕಾಣದಿದ್ದರೆ 50. ಬರೀ ಚುಕ್ಕಿ ಐದು ಅಂತಲೂ ಬೇಡ, 0.5 ಅಂತ ಬರೆಯಿರಿ. ಇಂಗ್ಲಿಷಿನ ಯು ಅಕ್ಷರ ಸೊನ್ನೆಯ ಹಾಗೆ ಕಂಡು 10 ಯೂನಿಟ್ 100 ಆಗುತ್ತದೆ, ಪೂರ್ತಿ "ಯೂನಿಟ್" ಅಂತ ಬರೆಯಿರಿ. ಮೆಥೊಟ್ರೆಕ್ಸೇಟ್ ಸಂಧಿವಾತಕ್ಕೆ ವಾರಕ್ಕೊಮ್ಮೆ ತಿನ್ನುವ ಮಾತ್ರೆ. ದಿನಾ ತಿಂದು ಜೀವ ಕಳೆದುಕೊಂಡವರಿದ್ದಾರೆ. ಅದಕ್ಕೆ "ಸೋಮವಾರ ಮಾತ್ರ" ಅಂತ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆಯಬೇಕು.

ಫೋನಿನಲ್ಲಿ ಔಷಧಿ ಹೇಳಿಸಿಕೊಂಡರೆ ಬರೆದುಕೊಂಡು ವಾಪಸ್ ಓದಿ ಹೇಳಬೇಕು. ಫಿಫ್ಟೀನ್, ಫಿಫ್ಟಿ ಎರಡೂ ಮಳೆಯ ಸದ್ದಿನಲ್ಲಿ ಒಂದೇ. "ಒಂದು, ಐದು. ಹದಿನೈದು. ಸರಿನಾ ಡಾಕ್ಟ್ರೇ?" ಅಂತ ಕೇಳಿ. ಔಷಧಿಯಿಂದ ಅನಿರೀಕ್ಷಿತ ತೊಂದರೆ ಕಂಡರೆ ರಾಷ್ಟ್ರೀಯ ಔಷಧ ಸುರಕ್ಷತಾ ಕಾರ್ಯಕ್ರಮದ 1800-180-3024ಕ್ಕೆ ಯಾರು ಬೇಕಾದರೂ ಉಚಿತವಾಗಿ ಹೇಳಬಹುದು. ರೋಗಿಯೂ ಹೇಳಬಹುದು.

ಹೆಜ್ಜೆ 5: ಪಾಳಿ ಬದಲು ಮತ್ತು ರಾತ್ರಿ ಎರಡು ಗಂಟೆಯ ಫೋನ್

ಪಾಳಿ ಬದಲಾಗುವ ಹೊತ್ತಿನಲ್ಲಿ ಹೋಗುವವರಿಗೆ ಬಸ್ಸಿನ ಚಿಂತೆ, ಬರುವವರಿಗೆ ಚಹಾದ ಚಿಂತೆ. ಮಾತು ಬೀಳುವುದೇ ಅಲ್ಲಿ. ಹಾಸಿಗೆ ಪಕ್ಕ ನಿಂತೇ ಹಸ್ತಾಂತರ ಮಾಡಿ. ಕ್ರಮ ಇದು: ಯಾರು, ಯಾಕೆ ಬಂದಿದ್ದಾರೆ, ಮೊದಲಿನಿಂದ ಏನಿತ್ತು, ಈಗ ಹೇಗಿದ್ದಾರೆ, ಮುಂದೆ ಏನು ಮಾಡಬೇಕು. ಕೊನೆಗೆ ಬೆಳಗಿನ ಪಾಳಿಯವರೆಲ್ಲ ಐದು ನಿಮಿಷ ನಿಂತು ಒಂದೇ ಪ್ರಶ್ನೆ ಕೇಳಿಕೊಳ್ಳಿ: "ಇವತ್ತು ಯಾರ ಬಗ್ಗೆ ಹೆದರಿಕೆ ಇದೆ?" ಕೂರಬೇಡಿ. ಕೂತರೆ ಅರ್ಧ ಗಂಟೆ.

ರಾತ್ರಿ ಡಾಕ್ಟರನ್ನು ಎಬ್ಬಿಸುವುದು ದೊಡ್ಡ ವಿಷಯ. "ಇಷ್ಟಕ್ಕೆಲ್ಲ ಫೋನ್ ಮಾಡ್ತೀಯಾ?" ಅಂತ ಒಮ್ಮೆ ಬೈಸಿಕೊಂಡವಳು ಮುಂದಿನ ಸಲ ಬೆಳಗಾಗುವವರೆಗೆ ಕಾಯುತ್ತಾಳೆ. ಬೈಗುಳದ ಬೆಲೆ ಕೊಡುವುದು ರೋಗಿ. ಅದಕ್ಕೆ ಅಂಕಿಗಳನ್ನು ಮೊದಲೇ ಗೋಡೆಗೆ ಅಂಟಿಸಿ, ಡಾಕ್ಟರೇ ಸಹಿ ಹಾಕಲಿ. ದೊಡ್ಡವರಿಗೆ ಮೇಲಿನ ಬಿಪಿ 90 ಅಥವಾ ಕೆಳಗೆ, ನಾಡಿ 130 ದಾಟಿದೆ, ಉಸಿರು ನಿಮಿಷಕ್ಕೆ 25 ಅಥವಾ ಮೇಲೆ, ಆಕ್ಸಿಜನ್ 91 ಅಥವಾ ಕೆಳಗೆ, ಹೊಸದಾಗಿ ಮಂಪರು. ಇದರಲ್ಲಿ ಒಂದಿದ್ದರೂ ಫೋನ್. ಅಂಕಿ ಸರಿಯಿದ್ದೂ ಸಿಸ್ಟರಿಗೆ ಯಾಕೋ ಸಮಾಧಾನವಿಲ್ಲ ಅಂದರೂ ಫೋನ್. ಹಳೇ ಸಿಸ್ಟರುಗಳ ಆ "ಯಾಕೋ" ಬಹಳ ಸಲ ಸರಿ ಇರುತ್ತದೆ.

ಮಾತು ಹೀಗಿರಲಿ: "ಡಾಕ್ಟ್ರೇ, ಹೆರಿಗೆ ವಾರ್ಡಿಂದ. ಸಂಜೆ ಹೆರಿಗೆಯಾದ ಇಪ್ಪತ್ತಾರು ವರ್ಷದವರು. ಒಂದು ಗಂಟೆಯಲ್ಲಿ ಮೂರು ಪ್ಯಾಡ್ ಒದ್ದೆಯಾಗಿದೆ. ಬಿಪಿ 88, ನಾಡಿ 124. ನೀವು ಈಗಲೇ ಬರಬೇಕು." "ಸ್ವಲ್ಪ ಬ್ಲೀಡಿಂಗ್ ಇದೆ ಡಾಕ್ಟ್ರೇ, ಏನು ಮಾಡ್ಲಿ?" ಅಂದರೆ ಅವರು ಮಗ್ಗುಲು ಬದಲಿಸಿ ಮಲಗುತ್ತಾರೆ.

ಹೆಜ್ಜೆ 6: ಓಟಿಯಲ್ಲಿ (ಆಪರೇಷನ್ ಕೋಣೆಯಲ್ಲಿ) ಒಂದು ನಿಮಿಷ ನಿಲ್ಲುವುದು

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ನಿಗೆ ಹತ್ತೊಂಬತ್ತು ಅಂಶಗಳ ಒಂದು ಪಟ್ಟಿ ತಂದಿತು. ಅರಿವಳಿಕೆಗೆ ಮುಂಚೆ, ಚರ್ಮ ಕೊಯ್ಯುವ ಮುಂಚೆ, ರೋಗಿ ಓಟಿ ಬಿಡುವ ಮುಂಚೆ, ಹೀಗೆ ಮೂರು ಸಲ ನಿಲ್ಲಬೇಕು. ದೆಹಲಿಯೂ ಸೇರಿ ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದರು. 2009ರಲ್ಲಿ ಬಂದ ಫಲಿತಾಂಶದಲ್ಲಿ ಸಾವು ಶೇ. 1.5ರಿಂದ 0.8ಕ್ಕೆ, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದಿದ್ದವು.

ಆದರೆ ನಮ್ಮಲ್ಲಿ ಆ ಕಾಗದಕ್ಕೆ ಆಪರೇಷನ್ ಮುಗಿದ ಮೇಲೆ ಚಹಾ ಕುಡಿಯುತ್ತಾ ಸುಮ್ನೆ ಟಿಕ್ ಹಾಕುವುದೇ ಹೆಚ್ಚು. ಅದರಿಂದ ಏನೂ ಉಪಯೋಗವಿಲ್ಲ. ಗಟ್ಟಿಯಾಗಿ ಓದಬೇಕು, ಎಲ್ಲರೂ ಕೈ ಬಿಟ್ಟು ಕೇಳಬೇಕು. ಯಾವ ಬದಿ ಅನ್ನುವುದನ್ನು ರೋಗಿ ಎಚ್ಚರವಿದ್ದಾಗಲೇ ಚರ್ಮದ ಮೇಲೆ ಗುರುತು ಮಾಡಿ. ರಕ್ತ ಒರೆಸುವ ಗಾಝ್ ಬಟ್ಟೆ, ಸೂಜಿಯ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯಿರಿ. ಓದುವ ಕೆಲಸ ಓಟಿ ಸಿಸ್ಟರಿಗೆ ಕೊಡಿ. ಅವಳು "ನಿಲ್ಲಿ ಸರ್, ಲೆಕ್ಕ ತಾಳೆ ಆಗ್ತಿಲ್ಲ" ಅಂದರೆ ಎಷ್ಟೇ ದೊಡ್ಡ ಸರ್ಜನ್ ಆದರೂ ನಿಲ್ಲಬೇಕು. ಇದನ್ನು ಸರ್ಜನ್ ತಾವೇ ಎಲ್ಲರೆದುರು ಹೇಳಿರಬೇಕು, ಇಲ್ಲದಿದ್ದರೆ ಅವಳು ಹೇಳುವುದಿಲ್ಲ.

ಕೈ ತೊಳೆಯುವುದರ ಬಗ್ಗೆ ಉದ್ದ ಬರೆಯುವುದಿಲ್ಲ, ಎಲ್ಲರಿಗೂ ಗೊತ್ತು. ಸೋಪಾದರೆ 40ರಿಂದ 60 ಸೆಕೆಂಡು, ಸ್ಯಾನಿಟೈಸರ್ ಆದರೆ 20ರಿಂದ 30. ಬಾಟಲಿ ಪ್ರತಿ ಹಾಸಿಗೆಯ ಕಾಲಬಳಿ ಇರಲಿ. ವಾರ್ಡಿನ ಬಾಗಿಲಲ್ಲಿ ಒಂದೇ ಇಟ್ಟರೆ ಯಾರೂ ವಾಪಸ್ ಹೋಗುವುದಿಲ್ಲ.

ಹೆಜ್ಜೆ 7: ನಮ್ಮ ಊರಿನ ಅಪಾಯಗಳು

ಬೆಂಗಳೂರಿನ ಕೈಪಿಡಿಯಲ್ಲಿ ಇವು ಸಿಗುವುದಿಲ್ಲ. ಮಳೆಗಾಲದ ಮೊದಲು, ಮೇ ಕೊನೆಯೊಳಗೆ, ಇವನ್ನು ನೋಡಿಕೊಳ್ಳಿ.

ಹಾವು ಕಡಿದವರಿಗೆ ರಕ್ತ ಹೆಪ್ಪುಗಟ್ಟುವುದನ್ನು ನೋಡಲು ಗಾಜಿನ ಟ್ಯೂಬಿನಲ್ಲಿ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತೇವೆ. ಆ ಟ್ಯೂಬ್ ಹೊಸದು, ಒಣಗಿದ್ದು, ಗಾಜಿನದ್ದೇ ಆಗಿರಬೇಕು. ಸೋಪಿನ ಪುಡಿ ಹಾಕಿ ತೊಳೆದ ಟ್ಯೂಬಿನಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಒಳ್ಳೆ ರಕ್ತವೂ ಹೆಪ್ಪುಗಟ್ಟದೆ ಇರಬಹುದು. ಆಗ ಬೇಡದವರಿಗೂ ಹಾವಿನ ವಿಷ ಇಳಿಸುವ ಔಷಧಿ ಕೊಟ್ಟಂತಾಗುತ್ತದೆ. ಹೊಸ ಟ್ಯೂಬುಗಳ ಒಂದು ಡಬ್ಬಿಗೆ "ಹಾವಿಗೆ ಮಾತ್ರ" ಅಂತ ಚೀಟಿ ಹಚ್ಚಿ. ಆ ಔಷಧಿ ಶುರುಮಾಡುವ ಮುಂಚೆಯೇ ಅಡ್ರಿನಲಿನ್ ಸಿರಿಂಜಿಗೆ ಎಳೆದು, ಹೆಸರು ಬರೆದು ಪಕ್ಕದಲ್ಲಿಟ್ಟಿರಬೇಕು. ಅಲರ್ಜಿ ಬಂದಾಗ ಆಂಪ್ಯೂಲ್ ಒಡೆಯುತ್ತಾ ಕೂರಲು ಹೊತ್ತಿರುವುದಿಲ್ಲ.

ಕರೆಂಟ್. ಜನರೇಟರ್ ಇದೆ ಅನ್ನುವುದು ಬೇರೆ, ಓಟಿಯ ಪೂರ್ತಿ ಲೋಡು ಹೊರುತ್ತದೆ ಅನ್ನುವುದು ಬೇರೆ. ವಾರಕ್ಕೊಮ್ಮೆ ಲೋಡು ಹಾಕಿಯೇ ಓಡಿಸಿ. ಫ್ರಿಜ್ಜಿನೊಳಗೆ ಥರ್ಮಾಮೀಟರ್ ಇಟ್ಟು 2ರಿಂದ 8 ಡಿಗ್ರಿ ಇದೆಯಾ ಅಂತ ದಿನಕ್ಕೆರಡು ಸಲ ಬರೆಯಿರಿ. ಒಳಗೆ ಮೊಸರಿನ ಡಬ್ಬಿ ಇಡಬೇಡಿ, ದಯವಿಟ್ಟು. ಬಾಗಿಲಲ್ಲಿ ಕೊಡೆ ಇಡಲು ಬಕೆಟ್, ಕಾಲೊರೆಸು. ಒದ್ದೆ ನೆಲದಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿಗೆ ಜ್ವರ ವಾಸಿಯಾಗಿ ಏನು ಪ್ರಯೋಜನ?

ಇನ್ನು ರೋಗಿಯನ್ನು ಮುಂದಕ್ಕೆ ಕಳಿಸುವುದು. ದೊಡ್ಡ ಆಸ್ಪತ್ರೆ ಬೇಕು ಅಂತ ಜಿಲ್ಲೆಯ ಜನ ಕೂಗುತ್ತಲೇ ಇದ್ದಾರೆ. ಬರುವವರೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ. ದಾರಿಯೇ ಒಂದು ವಾರ್ಡು ಅಂದುಕೊಳ್ಳಿ. ಆಕ್ಸಿಜನ್ ಲೆಕ್ಕ ಮಾಡಿ: ತುಂಬಿದ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ 150 ನಿಮಿಷ. ಶಿರಸಿಯಿಂದ ಹುಬ್ಬಳ್ಳಿ ಸುಮಾರು ನೂರು ಕಿಲೋಮೀಟರ್. ಅರ್ಧ ಸಿಲಿಂಡರ್ ಹಾಕಿ ಕಳಿಸಿದರೆ ದಾರಿಯಲ್ಲೇ ಖಾಲಿ. ಲೆಕ್ಕಕ್ಕೆ ಬಂದದ್ದರ ಎರಡರಷ್ಟು ಇಟ್ಟು ಕಳಿಸಿ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತ್ತು. ದೇವಿಮನೆ, ಅರಬೈಲ್ ಘಟ್ಟಗಳ ಕಥೆ ಪ್ರತಿ ಮಳೆಗಾಲವೂ ಇದ್ದದ್ದೇ. ಹೊರಡುವ ಮುಂಚೆ 112ಕ್ಕೆ ಕೇಳಿ ರಸ್ತೆ ಖಚಿತ ಮಾಡಿಕೊಳ್ಳಿ. ಆ ಕಡೆಯ ಡಾಕ್ಟರಿಗೆ ಫೋನ್ ಮಾಡಿ ಹಾಸಿಗೆ ಇದೆಯಾ ಕೇಳಿ. ಕೊಟ್ಟ ಔಷಧಿ, ಕೊಟ್ಟ ಹೊತ್ತು ಬರೆದ ಕಾಗದವನ್ನು ಜೊತೆಗೆ ಹೋಗುವ ಸಿಸ್ಟರ್ ಕೈಲಿ ಕೊಡಿ. ಸಂಬಂಧಿಕರ ಜೇಬಿಗೆ ಹಾಕಬೇಡಿ.

ಹೆಜ್ಜೆ 8: ಮನೆಯವರನ್ನು ಕಾವಲಿಗೆ ಸೇರಿಸಿಕೊಳ್ಳಿ

ನಮ್ಮ ಕಡೆ ರೋಗಿಯ ಜೊತೆ ಒಬ್ಬರಾದರೂ ಇರುತ್ತಾರೆ. ಅಕ್ಕ, ಅತ್ತೆ, ದೊಡ್ಡಮ್ಮ, ಯಾರಾದರೂ. ಅವರು ಎಲ್ಲ ನೋಡುತ್ತಾರೆ, ಏನೂ ಹೇಳುವುದಿಲ್ಲ. "ಡಾಕ್ಟ್ರಿಗೆ ಸಿಟ್ಟು ಬಂದ್ರೆ?" ಭರ್ತಿಯಾದ ದಿನವೇ ಅವರಿಗೆ ಹೇಳಿ: "ಅಮ್ಮಾ, ನಿನ್ನೆ ಬಿಳಿ ಮಾತ್ರೆ, ಇವತ್ತು ಗುಲಾಬಿ ಯಾಕೆ ಅಂತ ಕೇಳಿ. ಕೈ ತೊಳೆದ್ರಾ ಅಂತ ನಮ್ಮನ್ನೂ ಕೇಳಿ." ಮೊದಲ ಸಲ ಕೇಳಿದವರಿಗೆ ಥ್ಯಾಂಕ್ಸ್ ಹೇಳಿ ನೋಡಿ, ಇಡೀ ವಾರ್ಡು ಕೇಳಲು ಶುರು ಮಾಡುತ್ತದೆ. ಸ್ವಲ್ಪ ಕಿರಿಕಿರಿ ಆಗುತ್ತದೆ, ಹೌದು.

ಮನೆಗೆ ಕಳಿಸುವಾಗ 1-0-1 ಅಂತ ಬರೆದು ಕೊಟ್ಟರೆ ನೂರಾ ಒಂದು ಅಂತ ಓದಿದವರನ್ನು ನೋಡಿದ್ದೇನೆ. ಸೂರ್ಯ, ಊಟದ ತಟ್ಟೆ, ಚಂದ್ರನ ಚಿತ್ರ ಬರೆಯಿರಿ. "ಗೊತ್ತಾಯ್ತಾ?" ಅಂತ ಕೇಳಬೇಡಿ, ಎಲ್ಲರೂ ಗೊತ್ತಾಯ್ತು ಅನ್ನುತ್ತಾರೆ. "ಮನೇಲಿ ಹೇಗೆ ತಗೊಳ್ತೀರಿ, ನಂಗೊಮ್ಮೆ ಹೇಳಿ" ಅನ್ನಿ. ಕೊಂಕಣಿ, ನವಾಯತಿ, ಮರಾಠಿ, ಉರ್ದು ಬರುವ ಸಿಬ್ಬಂದಿ ಯಾರ್ಯಾರು ಅಂತ ಒಂದು ಪಟ್ಟಿ ಗೋಡೆ ಮೇಲಿರಲಿ.

ನಿಜವಾಗಿಯೂ ಅನಾಹುತ ಆದ ದಿನ

ಮೊದಲು ರೋಗಿ. ಆಮೇಲೆ ಉಳಿದ ಆಂಪ್ಯೂಲ್, ಸಿರಿಂಜ್, ಡ್ರಿಪ್ ಸೆಟ್ ಯಾವುದನ್ನೂ ಎಸೆಯದೆ ಚೀಲದಲ್ಲಿ ಎತ್ತಿಡಿ. ಆದದ್ದನ್ನು ಹೊತ್ತು ಹಾಕಿ ಕೇಸ್ ಶೀಟಿನಲ್ಲಿ ಬರೆಯಿರಿ. ಹಳೇ ಹಾಳೆ ಹರಿದು ಹೊಸದು ಬರೆಯುವ ಕೆಲಸಕ್ಕೆ ಯಾವತ್ತೂ ಕೈ ಹಾಕಬೇಡಿ. ಮನೆಯವರಿಗೆ ಅವತ್ತೇ, ಹಿರಿಯ ಡಾಕ್ಟರೇ ಕೂತು ಹೇಳಬೇಕು: ಏನಾಯಿತು, ಈಗ ಏನು ಮಾಡುತ್ತಿದ್ದೇವೆ. ಕ್ಷಮೆ ಕೇಳಬೇಕು. ನನಗೆ ಗೊತ್ತಿರುವ ಗಲಾಟೆಗಳಲ್ಲಿ ಹೆಚ್ಚಿನವು ಶುರುವಾದದ್ದು ತಪ್ಪಿನಿಂದಲ್ಲ, ಮೂರನೇ ದಿನ ಬೇರೆಯವರ ಬಾಯಿಂದ ತಿಳಿದದ್ದರಿಂದ. ತಪ್ಪು ಮಾಡಿದ ಸಿಸ್ಟರನ್ನು ಆ ರಾತ್ರಿ ಒಂಟಿಯಾಗಿ ಬಿಡಬೇಡಿ. ಯಾರಾದರೂ ಮನೆಯವರೆಗೆ ಹೋಗಿ ಬನ್ನಿ.

ಒಂದು ವಾರದೊಳಗೆ ಕೂತು "ಯಾಕೆ?" ಅಂತ ಐದು ಸಲ ಕೇಳಿ. ಜೇಮ್ಸ್ ರೀಸನ್ ಅನ್ನುವ ಬ್ರಿಟಿಷ್ ಮನಶ್ಶಾಸ್ತ್ರಜ್ಞರು ಅನಾಹುತಕ್ಕೆ ತೂತು ಬಿದ್ದ ಚೀಸ್ ಚೂರುಗಳ ಹೋಲಿಕೆ ಕೊಟ್ಟಿದ್ದರು. ನಮಗೆ ತೆಳ್ಳೇವು, ಅಂದರೆ ನಮ್ಮ ಕಡೆಯ ತೆಳು ದೋಸೆ, ಸಾಕು. ಒಂದೊಂದು ತೆಳ್ಳೇವು ಒಂದೊಂದು ಕಾವಲು ಅಂದುಕೊಳ್ಳಿ. ಒಂದರ ಮೇಲೊಂದು ಇಟ್ಟರೆ ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ. ಎಲ್ಲ ತೂತುಗಳೂ ಒಂದೇ ಸಾಲಿಗೆ ಬಂದ ದಿನ ತುಪ್ಪ ತಟ್ಟೆಗೆ ಇಳಿಯುತ್ತದೆ, ತಪ್ಪು ರೋಗಿಯನ್ನು ಮುಟ್ಟುತ್ತದೆ.

ಆ ಇನ್ಸುಲಿನ್ ಪ್ರಕರಣಕ್ಕೆ ಈ ಐದು ಪ್ರಶ್ನೆಗಳನ್ನು ನಾನು ತಡವಾಗಿ, ವರ್ಷಗಳ ನಂತರ ಒಬ್ಬಳೇ ಕೂತು ಕೇಳಿಕೊಂಡೆ. ಬೇರೆಯವರಿಗೆ ಹಾಕಿದ್ದು ಯಾಕೆ? ಹೆಸರು ಕೂಗಿ ಕೊಟ್ಟಳು. ಯಾಕೆ ಹೆಸರು ಕೂಗಿದಳು? ಕೈಪಟ್ಟಿ ಇರಲಿಲ್ಲ. ಯಾಕಿರಲಿಲ್ಲ? ಆಪರೇಷನ್ ಆದವರಿಗೆ ಮಾತ್ರ ಸಾಕು ಅಂತಿತ್ತು. ಯಾಕೆ ಸಾಕು ಅನ್ನಿಸಿತ್ತು? ಒಂದೇ ಹೆಸರಿನಿಂದ ಅಪಾಯವಿದೆ ಅಂತ ಮೇಲಿನವರಿಗೆ ಗೊತ್ತಿರಲಿಲ್ಲ. ಯಾಕೆ ಗೊತ್ತಿರಲಿಲ್ಲ? ಮೂರು ವಾರ ಮೊದಲು ನಾನು ಆಯಾಳಿಗೆ "ಸುಮ್ನಿರು" ಅಂದಿದ್ದೆ.

ಕೊನೆಗೆ ಎರಡು ವಿಷಯ

ಸರ್ಟಿಫಿಕೇಟ್ ಬಗ್ಗೆ ಕೇಳುತ್ತಾರೆ. ಖಾಸಗಿಯವರಿಗೆ ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಎನ್‌ಎಬಿಎಚ್‌ನ ಆರಂಭಿಕ ಹಂತ ಇದೆ, ಸರ್ಕಾರಿ ಆಸ್ಪತ್ರೆಗಳಿಗೆ ರಾಷ್ಟ್ರೀಯ ಗುಣಮಟ್ಟದ ಮಾನದಂಡ, ಸ್ವಚ್ಛತೆಗೆ ಕಾಯಕಲ್ಪ, ಹೆರಿಗೆ ಕೋಣೆಗೆ ಲಕ್ಷ್ಯ. ಎಲ್ಲವೂ ಒಳ್ಳೆಯವೇ. ಆದರೆ ಮೇಲಿನ ರೂಢಿ ಆರು ತಿಂಗಳು ನಡೆದ ಮೇಲೆ ಅರ್ಜಿ ಹಾಕಿ. ಮೊದಲೇ ಹಾಕಿದರೆ ಇನ್‌ಸ್ಪೆಕ್ಷನ್ನಿನ ಹಿಂದಿನ ರಾತ್ರಿ ರಿಜಿಸ್ಟರ್ ತುಂಬುವುದನ್ನು ಮಾತ್ರ ಜನ ಕಲಿಯುತ್ತಾರೆ.

ಇನ್ನೊಂದು, ನೋಟ್‌ಬುಕ್ ಒಂದು ತಿಂಗಳು ಖಾಲಿ ಇದ್ದರೆ. ಸಭೆ ಕರೆಯಬೇಡಿ, ಸುತ್ತೋಲೆ ಹೊರಡಿಸಬೇಡಿ. ಈಚೆಗೆ ಯಾರಾದರೂ ಹೇಳಿದ್ದಕ್ಕೆ ಬೈಸಿಕೊಂಡರಾ ಅಂತ ವಿಚಾರಿಸಿ. ಹೆಚ್ಚಾಗಿ ಬೈಸಿಕೊಂಡಿರುತ್ತಾರೆ. ಬೈದವರು ಅವಳನ್ನು ಕರೆದು ಮಾತಾಡಲಿ. ಅವತ್ತು ರಾತ್ರಿ ಹತ್ತರ ನಂತರ ವಾರ್ಡಿಗೆ ಹೋಗಿ, ಒಂದು ಥರ್ಮಸ್ ಚಹಾ ತಗೊಂಡು. ಆಯಾಳನ್ನೂ ಕೂರಿಸಿಕೊಳ್ಳಿ. "ಈ ವಾರ ಯಾವುದು ಸ್ವಲ್ಪದರಲ್ಲಿ ತಪ್ಪಿತು?" ಅಂತ ಕೇಳಿ, ಪೆನ್ನು ನೀವೇ ಹಿಡಿದು ಬರೆದುಕೊಳ್ಳಿ.